ಆಪರೇಷನ್ ಇಲ್ಲದೆ ಕಾರ್ಡಿಲ್ಲ, ಕಾರ್ಡ್ ಇಲ್ಲದೆ ವಕೀಲರಿಲ್ಲ: ಇದು ನಿಜವೇ?

ಪ್ರಶ್ನೆ: ಮೇಡಂ, ನಾನು ಟ್ರಾನ್ಸ್ ಮಹಿಳೆ, ವಯಸ್ಸು 28. ಊರು ರಾಯಚೂರು ಜಿಲ್ಲೆಯ ಒಂದು ಹಳ್ಳಿ. ಪರಿಶಿಷ್ಟ ಜಾತಿಗೆ ಸೇರಿದವಳು. ಹದಿನೆಂಟಕ್ಕೆ ಮನೆ ಬಿಟ್ಟೆ. ಈಗ ಆರು ವರ್ಷದಿಂದ ಬೆಂಗಳೂರಿನಲ್ಲಿ ಗುರುಗಳ (ನಮ್ಮ ಸಮುದಾಯದ ಹಿರಿಯರ) ಮನೆಯಲ್ಲಿದ್ದೇನೆ, ಅಂಗಡಿಗಳಲ್ಲಿ ದುಡ್ಡು ಕೇಳಿ ಬದುಕುತ್ತೇನೆ. ಆಧಾರ್‌ನಲ್ಲಿ ಹಳೆಯ ಹೆಸರು, ಹಳ್ಳಿ ವಿಳಾಸ, ಗಂಡು ಎಂದೇ ಇದೆ. ಹೆಸರು ಬದಲಾಯಿಸಿಕೊಡಲು ಕೋರ್ಟ್ ಮುಂದಿನ ಟೈಪಿಂಗ್ ಅಂಗಡಿಯವರು 15,000 ರೂಪಾಯಿ ಕೇಳಿದರು. ಆಪರೇಷನ್ ಆಗದಿದ್ದರೆ ಟ್ರಾನ್ಸ್‌ಜೆಂಡರ್ ಕಾರ್ಡ್ ಕೊಡುವುದಿಲ್ಲ ಅಂತ ಒಬ್ಬರು ಹೇಳ್ತಾರೆ, ಕಾರ್ಡ್ ಇಲ್ಲದಿದ್ದರೆ ಉಚಿತ ವಕೀಲರು ಸಿಗುವುದಿಲ್ಲ ಅಂತ ಇನ್ನೊಬ್ಬರು. ಅಮ್ಮ ಮೊದಲೇ ಇಲ್ಲ, ಎರಡು ವರ್ಷದ ಹಿಂದೆ ಅಪ್ಪನೂ ತೀರಿಕೊಂಡರು. ಮೂರು ಎಕರೆ ಜಮೀನನ್ನು ಇಬ್ಬರು ಅಣ್ಣಂದಿರು ತಮ್ಮ ಹೆಸರಿಗೆ ಮಾಡಿಸಿಕೊಳ್ಳುತ್ತಿದ್ದಾರಂತೆ. ‘ನೀನು ಗಂಡಾಗಿ ಉಳಿದಿಲ್ಲ, ನಿನಗೇನು ಪಾಲು? 50,000 ಕೊಡ್ತೀವಿ, ಬಂದು ಸಹಿ ಹಾಕಿ ಹೋಗು’ ಅನ್ನುತ್ತಾರೆ. ಹೋದ ತಿಂಗಳು ಸಿಗ್ನಲ್‌ನಲ್ಲಿ ಪೊಲೀಸರು ಹಿಡಿದು ಪೆಟ್ಟಿ ಕೇಸ್ ಹಾಕಿದರು, ಮರುದಿನ ಕೋರ್ಟಲ್ಲಿ ‘ತಪ್ಪಾಯ್ತು’ ಅಂದು ದಂಡ ಕಟ್ಟಿ ಬಂದೆ. ಮೊದಲು ಕಾರ್ಡ್ ಮಾಡಿಸಿ ಆಮೇಲೆ ಉಳಿದದ್ದು ನೋಡೋಣ ಅಂದುಕೊಂಡಿದ್ದೇನೆ. ಸರಿಯೇ?

ಉತ್ತರ: ಸರಿಯಲ್ಲ. ಕಾರ್ಡ್ ಬೇಕು, ಆದರೆ ಅದು ಒಂದು ತಿಂಗಳು ತಡವಾದರೆ ನಿಮಗೇನೂ ನಷ್ಟವಿಲ್ಲ. ತಡವಾದರೆ ಕೆಡುವುದು ಜಮೀನಿನ ವಿಷಯ. ಆಪರೇಷನ್ ಆದರೆ ಕಾರ್ಡ್, ಕಾರ್ಡ್ ಇದ್ದರೆ ವಕೀಲರು, ವಕೀಲರಿದ್ದರೆ ಜಮೀನು ಎಂದು ಯಾರೋ ನಿಮಗೆ ಸರಪಳಿ ಹೆಣೆದು ಕೊಟ್ಟಿದ್ದಾರೆ. ಕಾನೂನಿನಲ್ಲಿ ಆ ಸರಪಳಿ ಇಲ್ಲ. ಮೂರೂ ಬೇರೆ ಬೇರೆ ಬಾಗಿಲು, ಯಾವುದಕ್ಕೂ ಇನ್ನೊಂದು ಬೀಗದ ಕೈ ಅಲ್ಲ. ಮುಂದೆ ಹೇಳುವುದೆಲ್ಲ 2025ರ ಕೊನೆಗೆ ಜಾರಿಯಲ್ಲಿದ್ದ ಕಾಯ್ದೆ, ನಿಯಮಗಳ ಲೆಕ್ಕದಲ್ಲಿ. ಅರ್ಜಿ ತುಂಬುವ ದಿನ ತಿದ್ದುಪಡಿ ಬಂದಿದೆಯೇ ಎಂದು ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿಕೊಳ್ಳಿ.

ವಕೀಲರ ವಿಷಯ ಮೊದಲು, ಏಕೆಂದರೆ ಉಳಿದ ಕೆಲಸಕ್ಕೆ ಅವರೇ ಬೇಕು. ಉಚಿತ ಕಾನೂನು ನೆರವು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಸಿಗುವ ಹಕ್ಕು. ಅದರ 12ನೇ ಕಲಂನಲ್ಲಿ ಯಾರು ಅರ್ಹರು ಎಂಬ ಪಟ್ಟಿ ಇದೆ: ಪರಿಶಿಷ್ಟ ಜಾತಿ, ಪಂಗಡದವರು, ಮಹಿಳೆಯರು, ಮಕ್ಕಳು, ಅಂಗವಿಕಲರು, ಮಾನವ ಸಾಗಣೆಗೆ ಬಲಿಯಾದವರು, ಬಂಧನದಲ್ಲಿರುವವರು, ಜೊತೆಗೆ ರಾಜ್ಯ ನಿಗದಿ ಮಾಡಿದ ಆದಾಯ ಮಿತಿಯೊಳಗೆ ಬರುವ ಯಾರೇ ಆಗಲಿ. ‘ಟ್ರಾನ್ಸ್‌ಜೆಂಡರ್’ ಎಂಬ ಪದ ಆ ಪಟ್ಟಿಯಲ್ಲಿ ಹೆಸರು ಹಿಡಿದು ಇಲ್ಲ, ಗೊಂದಲ ಹುಟ್ಟುವುದು ಇಲ್ಲೇ. ಗುಮಾಸ್ತರು ಪಟ್ಟಿ ನೋಡುತ್ತಾರೆ, ಪದ ಕಾಣದು, ‘ಕಾರ್ಡ್ ತಗೊಂಡು ಬನ್ನಿ’ ಎನ್ನುತ್ತಾರೆ. ನೀವು ಆ ಚರ್ಚೆಗೇ ಹೋಗಬೇಕಿಲ್ಲ. ‘ಪರಿಶಿಷ್ಟ ಜಾತಿ’ ಎಂಬ ಕಾಲಂಗೆ ಗುರುತು ಹಾಕಿ. ಜಾತಿಯ ಆಧಾರದಲ್ಲಿ ಬಂದವರಿಗೆ ಆದಾಯ ಮಿತಿಯನ್ನೇ ನೋಡುವುದಿಲ್ಲ. ಜಾತಿ ಪ್ರಮಾಣಪತ್ರ ಹಳೆಯ ಹೆಸರಿನಲ್ಲಿದ್ದರೂ ನಡೆಯುತ್ತದೆ, ಆಧಾರ್ ಕೂಡ ಅದೇ ಹೆಸರಿನಲ್ಲಿದೆಯಲ್ಲ. ಜಾತಿಯ ಆಧಾರವಿಲ್ಲದ ಟ್ರಾನ್ಸ್ ಪುರುಷರಿಗೆ ಇದು ಸ್ವಲ್ಪ ತೊಡಕು. ದಾಖಲೆಯಲ್ಲಿ ಗಂಡು ಎಂದಾದ ಮೇಲೆ ‘ಮಹಿಳೆ’ ಕಾಲಂ ಸಿಗುವುದಿಲ್ಲ, ಆಗ ಆದಾಯದ ಕಾಲಂ ಹಿಡಿಯಬೇಕು. ಆದಾಯಕ್ಕೆ ತಹಶೀಲ್ದಾರರ ಪ್ರಮಾಣಪತ್ರವೇ ಬೇಕೆಂದೇನಿಲ್ಲ. 13ನೇ ಕಲಂ ಪ್ರಕಾರ ಅರ್ಜಿದಾರರ ಅಫಿಡವಿಟ್ ಸಾಕು, ಅದನ್ನು ನಂಬದಿರಲು ಪ್ರಾಧಿಕಾರಕ್ಕೆ ಕಾರಣ ಇರಬೇಕು ಅಷ್ಟೆ.

ಜಿಲ್ಲಾ ಪ್ರಾಧಿಕಾರದ ಕಚೇರಿ ಸಾಮಾನ್ಯವಾಗಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ, ತಾಲ್ಲೂಕು ಸಮಿತಿ ತಾಲ್ಲೂಕು ಕೋರ್ಟಿನಲ್ಲಿ ಇರುತ್ತದೆ. ಮೊದಲು 15100 ಸಹಾಯವಾಣಿಗೆ ಕರೆ ಮಾಡಿಯೂ ಕೇಳಬಹುದು. ಓದು ಬರಹ ಬಾರದವರು ಬಾಯಲ್ಲಿ ಹೇಳಿದರೆ ಅಲ್ಲಿನ ಪ್ಯಾರಾ ಲೀಗಲ್ ಸ್ವಯಂಸೇವಕರು ಬರೆದುಕೊಳ್ಳಬೇಕು. ನೀವಿರುವುದು ಬೆಂಗಳೂರಿನಲ್ಲಿ, ಜಮೀನಿರುವುದು ರಾಯಚೂರು ಜಿಲ್ಲೆಯಲ್ಲಿ. ಬೆಂಗಳೂರಿನಲ್ಲೇ ಅರ್ಜಿ ಕೊಟ್ಟು, ಜಮೀನಿನ ಭಾಗವನ್ನು ಅಲ್ಲಿನ ಪ್ರಾಧಿಕಾರಕ್ಕೆ ಕಳಿಸಿಕೊಡಿ ಎಂದು ಬರೆಯಿರಿ. ಕೋರ್ಟ್ ಶುಲ್ಕ, ನೋಟಿಸಿನ ಖರ್ಚು, ಟೈಪಿಂಗ್, ದೃಢೀಕೃತ ನಕಲು ಎಲ್ಲವೂ ನೆರವಿನಲ್ಲೇ ಸೇರಿದೆ. ಪ್ಯಾನೆಲ್ ವಕೀಲರಿಗೆ ಪ್ರಾಧಿಕಾರವೇ ಫೀಸು ಕೊಡುತ್ತದೆ. ‘ಓಡಾಟದ ಖರ್ಚು’ ಎಂದು ನಿಮ್ಮ ಹತ್ತಿರ ಕೇಳುವಂತಿಲ್ಲ, ಕೇಳಿದರೆ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗೆ ಬರೆದು ಕೊಟ್ಟು ವಕೀಲರನ್ನು ಬದಲಿಸಿಕೊಳ್ಳಬಹುದು.

ಪುಕ್ಕಟೆ ವಕೀಲರು ಕೆಲಸ ಮಾಡುವುದಿಲ್ಲ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಫೀಸು ಕಡಿಮೆ, ಕೇಸುಗಳು ಹೆಚ್ಚು, ಕೆಲವರು ತಾರೀಖಿಗೆ ಮಾತ್ರ ಬರುತ್ತಾರೆ. ಆದರೆ ಕಕ್ಷಿದಾರರು ಫೋನ್ ನಂಬರ್ ಬದಲಿಸಿ ತಿಳಿಸದೆ ಹೋಗುವುದರಿಂದ ಬಿದ್ದುಹೋಗುವ ಕೇಸುಗಳೂ ಅಷ್ಟೇ ಇವೆ. ನೇಮಕ ಪತ್ರದ ನಕಲು, ಕೇಸ್ ನಂಬರ್, ಮುಂದಿನ ತಾರೀಖು, ಈ ಮೂರು ನಿಮ್ಮ ಫೋನಿನಲ್ಲೂ ಇರಲಿ, ಗುರುಗಳ ಫೋನಿನಲ್ಲೂ ಇರಲಿ.

ಈಗ ಜಮೀನು. ‘ಗಂಡಾಗಿ ಉಳಿದಿಲ್ಲ, ಪಾಲಿಲ್ಲ’ ಎಂಬುದು ಶುದ್ಧ ಸುಳ್ಳು. 2005ರ ತಿದ್ದುಪಡಿಯಾದ ಮೇಲೆ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಮಗನಿಗೂ ಮಗಳಿಗೂ ಪಿತ್ರಾರ್ಜಿತದಲ್ಲಿ ಒಂದೇ ಹಕ್ಕು. 2020ರ ವಿನೀತಾ ಶರ್ಮಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನೂ ಬಿಗಿ ಮಾಡಿದೆ: ಆ ಹಕ್ಕು ಹುಟ್ಟಿನಿಂದ ಬರುವುದು. ಹಾಗಾಗಿ ನಿಮ್ಮನ್ನು ಮಗ ಎನ್ನಲಿ, ಮಗಳು ಎನ್ನಲಿ, ಲೆಕ್ಕ ಬದಲಾಗುವುದಿಲ್ಲ. ಮೂರು ಎಕರೆ ಎಂದರೆ 120 ಗುಂಟೆ, ಮಕ್ಕಳು ಮೂವರು, ತಲಾ 40 ಗುಂಟೆ. ನಿಮ್ಮ ಪಾಲು ಒಂದು ಎಕರೆ. ಈ ಲೆಕ್ಕ ಮುಖ್ಯವಾಗಿ ಕೆಡುವುದು ಅಪ್ಪ ಅಣ್ಣಂದಿರ ಹೆಸರಿಗೆ ಉಯಿಲು ಬರೆದಿದ್ದರೆ: ಜಮೀನು ತಾವೇ ಸಂಪಾದಿಸಿದ್ದಾದರೆ ಇಡೀ ಜಮೀನನ್ನು, ಪಿತ್ರಾರ್ಜಿತವಾದರೆ ತಮ್ಮ ಪಾಲನ್ನು ಮಾತ್ರ ಅವರು ಹಾಗೆ ಬರೆಯಬಹುದಿತ್ತು. (ಪರಿಶಿಷ್ಟ ಪಂಗಡದ ಓದುಗರು ಈ ಪ್ಯಾರಾವನ್ನು ತಮಗೆ ಹಾಗೇ ಅನ್ವಯಿಸಿಕೊಳ್ಳಬೇಡಿ. ಆ ಕಾಯ್ದೆ ಪಂಗಡಗಳಿಗೆ ನೇರವಾಗಿ ಅನ್ವಯಿಸದು, ನಿಮ್ಮದು ಬೇರೆ ಚರ್ಚೆ.)

ಅಣ್ಣಂದಿರು ನಿಜಕ್ಕೂ ‘ಪಾಲಿಲ್ಲ’ ಎಂದು ನಂಬಿದ್ದರೆ 50,000 ಕೊಡಲು ಯಾಕೆ ಬರುತ್ತಿದ್ದರು? ಅವರಿಗೆ ಬೇಕಿರುವುದು ನಿಮ್ಮ ಸಹಿ. ಆ ಕಾಗದದ ಹೆಸರು ಹಕ್ಕು ಬಿಡುಗಡೆ ಪತ್ರ. ಸಬ್ ರಿಜಿಸ್ಟ್ರಾರ್ ಮುಂದೆ ಒಮ್ಮೆ ಹೆಬ್ಬೆಟ್ಟು ಕೊಟ್ಟರೆ ಅದನ್ನು ರದ್ದು ಮಾಡಿಸಲು ನೀವೇ ದಾವೆ ಹೂಡಿ, ಮೋಸ ಅಥವಾ ಬಲವಂತ ನಡೆಯಿತೆಂದು ಸಾಬೀತು ಮಾಡಬೇಕು, ಅದೂ ಮೋಸ ತಿಳಿದ ಮೂರು ವರ್ಷದೊಳಗೆ. ಖಾಲಿ ಬಾಂಡ್ ಪೇಪರಿಗೂ ಸಹಿ ಬೇಡ. ಒಂದು ಎಕರೆಗೆ ಸರ್ಕಾರಿ ಮಾರ್ಗಸೂಚಿ ಬೆಲೆ ಎಷ್ಟು ಎಂದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೇಳಿ, ಆಮೇಲೆ ಐವತ್ತು ಸಾವಿರವನ್ನು ತೂಗಿ ನೋಡಿ.

ಖಾತೆ ಬದಲಾವಣೆ ಹೇಗೆ ನಡೆಯುತ್ತದೆ ಎಂದರೆ, ಪೌತಿ ಖಾತೆಗೆ (ಅಂದರೆ ತೀರಿಕೊಂಡವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು) ಅರ್ಜಿ ಹಾಕುವವರು ವಂಶವೃಕ್ಷ ಕೊಡುತ್ತಾರೆ. ಅಲ್ಲಿ ಇಬ್ಬರು ಮಕ್ಕಳು ಎಂದು ಬರೆಸಿದರೆ ನಿಮ್ಮ ಹೆಸರೇ ಇರುವುದಿಲ್ಲ. ಊರಲ್ಲಿಲ್ಲದವರನ್ನು ಹೀಗೆ ಬಿಟ್ಟುಬಿಡುವುದು ಬಹಳ ಸಾಮಾನ್ಯ. ಆದ್ದರಿಂದ ಈ ವಾರವೇ ತಹಶೀಲ್ದಾರರಿಗೆ ಒಂದು ಪುಟದ ಆಕ್ಷೇಪಣೆ ಬರೆದು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹಾಕಿ: ಸರ್ವೆ ನಂಬರ್, ಅಪ್ಪನ ಹೆಸರು, ತೀರಿಕೊಂಡ ದಿನಾಂಕ, ‘ನಾನೂ ಮೃತರ ಸಂತಾನ, ನನ್ನನ್ನು ಬಿಟ್ಟು ಖಾತೆ ಮಾಡಬಾರದು’ ಎಂಬ ಒಂದು ಸಾಲು, ಆಧಾರ್ ಮತ್ತು ಹಳೆಯ ಪಡಿತರ ಚೀಟಿ ಅಥವಾ ಶಾಲೆಯ ವರ್ಗಾವಣೆ ಪತ್ರದ ನಕಲು. ಇದನ್ನು ಹಳೆಯ ಹೆಸರಿನಲ್ಲೇ ಬರೆಯಬೇಕು, ಮುಂದೆ ಬೇಕಾದರೆ ‘ಉರುಫ್’ ಎಂದು ಹೊಸ ಹೆಸರು ಸೇರಿಸಿ. ಹಳೆಯ ಹೆಸರು ಬರೆಯಲು ಕೈ ಬರುವುದಿಲ್ಲ ಎಂಬುದು ಅರ್ಥವಾಗುತ್ತದೆ. ಆದರೆ ಅಪ್ಪನಿಗೂ ನಿಮಗೂ ಕಾಗದದ ಮೇಲೆ ಸದ್ಯಕ್ಕಿರುವ ಕೊಂಡಿ ಅದೊಂದೇ. ಇದೇ ಕಾರಣಕ್ಕೆ ಇನ್ನೊಂದು ಎಚ್ಚರಿಕೆ: ಗುರುತಿನ ದಾಖಲೆಗಳಲ್ಲಿ ತಂದೆ ತಾಯಿ ಜಾಗದಲ್ಲಿ ಗುರುವಿನ ಹೆಸರು ಹಾಕಿಸುವವರಿದ್ದಾರೆ. ಪ್ರೀತಿಯ ವಿಷಯ, ಬೇಡ ಎನ್ನಲಾಗದು. ಆದರೆ ಹಾಗೆ ಮಾಡಿದರೆ ಜಾತಿ ಪ್ರಮಾಣಪತ್ರಕ್ಕೂ ಆಸ್ತಿಗೂ ಕೊಂಡಿ ಕಳಚುತ್ತದೆ.

ಈಗಾಗಲೇ ಖಾತೆ ಆಗಿಹೋಗಿದ್ದರೂ ಗಾಬರಿ ಬೇಡ. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಮಾಲೀಕತ್ವ ಬರುವುದಿಲ್ಲ. ಭೂಕಂದಾಯ ಕಾಯ್ದೆಯ 136(2)ರ ಪ್ರಕಾರ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕಬಹುದು. ಪಾಲು ನಿರ್ಧರಿಸುವುದು ಮಾತ್ರ ಸಿವಿಲ್ ಕೋರ್ಟು.

ಪಾಲು ಪಡೆಯಲು ಎರಡು ದಾರಿ. ಒಂದು, ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ದಾವೆಗೆ ಮೊದಲೇ ರಾಜಿ ಅರ್ಜಿ ಹಾಕುವುದು. ಅಣ್ಣಂದಿರಿಗೆ ಕೋರ್ಟಿನ ಮೊಹರಿರುವ ನೋಟಿಸ್ ಹೋಗುತ್ತದೆ, ನ್ಯಾಯಾಧೀಶರ ಎದುರು ಕೂತು ಮಾತಾಡಬೇಕಾಗುತ್ತದೆ. ನೀವು ಊರೊಳಗೆ ಒಬ್ಬರೇ ಹೋಗುವುದು ತಪ್ಪುತ್ತದೆ, ಇದೇ ದೊಡ್ಡ ಲಾಭ. ಅಪಾಯವೂ ಇದೆ: ಲೋಕ ಅದಾಲತ್ತಿನ ರಾಜಿಗೆ ಸಹಿ ಬಿದ್ದರೆ ಮೇಲ್ಮನವಿ ಇಲ್ಲ. ಹಣ ಅಂದೇ ಡಿಡಿ ರೂಪದಲ್ಲಿ ಕೈಗೆ ಬರದಿದ್ದರೆ ‘ಕಂತಿನಲ್ಲಿ ಕೊಡ್ತೀವಿ’ ಎಂಬುದಕ್ಕೆ ಒಪ್ಪಬೇಡಿ. ಇನ್ನೊಂದು, ಪಾಲು ವಿಭಾಗದ ದಾವೆ. ಜೊತೆಗೆ ಜಮೀನು ಮಾರದಂತೆ ತಾತ್ಕಾಲಿಕ ತಡೆಯಾಜ್ಞೆ ಕೇಳಬೇಕು. ವರ್ಷಗಟ್ಟಲೆ ಹಿಡಿಯುತ್ತದೆ, ಸುಳ್ಳು ಹೇಳುವುದಿಲ್ಲ. ಕುಟುಂಬದ ಆಸ್ತಿಯಿಂದ ನಿಮ್ಮನ್ನು ಹೊರಗಿಟ್ಟಿದ್ದು ತಿಳಿದಂದಿನಿಂದ 12 ವರ್ಷ ಕಾಲಮಿತಿ ಇದೆ, ಆದರೂ ಜಮೀನು ಮೂರನೆಯವರಿಗೆ ಮಾರಾಟವಾದ ಮೇಲೆ ಎದುರಾಳಿಗಳು ಹೆಚ್ಚುತ್ತಾರೆ. ನಿಮ್ಮ ಸ್ಥಿತಿಯಲ್ಲಿ ರಾಜಿ ಅರ್ಜಿಯನ್ನು ಮೊದಲು ಹಾಕಿ ಎನ್ನುತ್ತೇನೆ. ಮಾರಾಟದ ಸುದ್ದಿ ಕಿವಿಗೆ ಬಿದ್ದರೆ ಮಾತ್ರ ನೇರ ದಾವೆ.

ಇನ್ನು ಕಾರ್ಡ್, 2025ರ ಕೊನೆಗಿದ್ದ ನಿಯಮದಂತೆ. 2014ರ ಏಪ್ರಿಲ್ 15ರಂದು ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ತಮ್ಮ ಲಿಂಗತ್ವವನ್ನು ತಾವೇ ಹೇಳಿಕೊಳ್ಳುವುದು ಹಕ್ಕು, ಅದಕ್ಕೆ ಶಸ್ತ್ರಚಿಕಿತ್ಸೆಯ ಷರತ್ತು ಹಾಕುವಂತಿಲ್ಲ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ (ಹಕ್ಕುಗಳ ರಕ್ಷಣೆ) ಕಾಯ್ದೆ ಎರಡು ಮೆಟ್ಟಿಲು ಮಾಡಿತು. 6ನೇ ಕಲಂನ ಪ್ರಮಾಣಪತ್ರ ‘ಟ್ರಾನ್ಸ್‌ಜೆಂಡರ್’ ಎಂದು ಬರುತ್ತದೆ, ಇದಕ್ಕೆ ಆಪರೇಷನ್ ಬೇಡ, ವೈದ್ಯಕೀಯ ತಪಾಸಣೆಯೂ ಬೇಡ ಎಂದು 2020ರ ನಿಯಮಗಳಲ್ಲೇ ಬರೆದಿದೆ. ‘ಹೆಣ್ಣು’ ಅಥವಾ ‘ಗಂಡು’ ಎಂದೇ ಬೇಕಿದ್ದರೆ 7ನೇ ಕಲಂ, ಅದಕ್ಕೆ ಆಸ್ಪತ್ರೆಯ ಪತ್ರ ಬೇಕು. ನಿಮಗೆ ಹೇಳಿದವರು ಎರಡನೇ ಮೆಟ್ಟಿಲಿನ ಷರತ್ತನ್ನು ಮೊದಲನೆಯದಕ್ಕೆ ಅಂಟಿಸಿದ್ದಾರೆ. ಕಾಗದಕ್ಕಾಗಿ ಸಾಲ ಮಾಡಿ ಆಪರೇಷನ್‌ಗೆ ಹೋಗಬೇಡಿ. ದೇಹಕ್ಕೆ ಬೇಕೆನಿಸಿದರೆ ಅದು ಬೇರೆ ನಿರ್ಧಾರ, ಅದಕ್ಕೆ ಅವಸರವಿಲ್ಲ.

ಅರ್ಜಿ ಕೇಂದ್ರ ಸರ್ಕಾರದ ಟ್ರಾನ್ಸ್‌ಜೆಂಡರ್ ಪೋರ್ಟಲ್‌ನಲ್ಲಿ. ನಿಮ್ಮ ವಿಷಯದಲ್ಲಿ ಅಧಿಕಾರ ಇರುವುದು ಬೆಂಗಳೂರಿನ ಜಿಲ್ಲಾಧಿಕಾರಿಗೆ, ಏಕೆಂದರೆ ಒಂದು ವರ್ಷದಿಂದ ವಾಸವಿರುವ ಜಿಲ್ಲೆ ಲೆಕ್ಕಕ್ಕೆ ಬರುತ್ತದೆ, ಹುಟ್ಟೂರಲ್ಲ. ಆ ವಾಸಕ್ಕೆ ನಿಮ್ಮ ಅಫಿಡವಿಟ್ ಸಾಕು, ಬಾಡಿಗೆ ಕರಾರು ಕೇಳುವಂತಿಲ್ಲ. ಖರ್ಚು ಬರುವುದು ಅಫಿಡವಿಟ್‌ನ ಛಾಪಾ ಕಾಗದ ಮತ್ತು ನೋಟರಿಗೆ ಮಾತ್ರ, ಅದನ್ನೂ ಪ್ರಾಧಿಕಾರದ ಮೂಲಕ ಮಾಡಿಸಿಕೊಳ್ಳಬಹುದು. 15,000 ಎಲ್ಲಿಂದ ಬಂತು? ಅಂಗಡಿಯವರು ಪತ್ರಿಕೆ ಜಾಹೀರಾತು, ಗೆಜೆಟ್ ಪ್ರಕಟಣೆ ಎಲ್ಲ ಸೇರಿಸಿ ಹೇಳಿರುತ್ತಾರೆ. ಪ್ರಮಾಣಪತ್ರ ಬಂದರೆ ಅದರ ಆಧಾರದಲ್ಲೇ ಮೊದಲ ಹೆಸರು ಬದಲಿಸುವ ಹಕ್ಕು ಕಾಯ್ದೆಯಲ್ಲಿದೆ, ಗೆಜೆಟ್ ಬೇಕಿಲ್ಲ.

ಅರ್ಜಿಯಲ್ಲಿ ಹೆಸರು ಬರೆಯುವ ಕಾಲಂ ಹತ್ತಿರ ಒಂದು ನಿಮಿಷ ನಿಲ್ಲಿ. ‘ಅನುಷಾ’ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಎರಡು ಮೂರು ಥರ ಬರೆಯಬಹುದು. ಪ್ರಮಾಣಪತ್ರದಲ್ಲಿ ಕೊನೆಗೆ ಒಂದು ಅಕ್ಷರ ಹೆಚ್ಚಾಗಿ, ಪಾನ್‌ನಲ್ಲಿ ಕಡಿಮೆಯಾದರೆ ಬ್ಯಾಂಕಿನವರು ಎರಡೂ ಬೇರೆ ಜನ ಎನ್ನುತ್ತಾರೆ. ಅಕ್ಷರ ಅಕ್ಷರವಾಗಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಎಲ್ಲೆಡೆ ಅದನ್ನೇ ತೋರಿಸಿ.

ಜಿಲ್ಲಾಧಿಕಾರಿ 30 ದಿನದಲ್ಲಿ ಕೊಡಬೇಕು. ತಿರಸ್ಕರಿಸಿದರೆ ಕಾರಣ ಬರೆದು ತಿಳಿಸಬೇಕು, ಅದರ ಮೇಲೆ 90 ದಿನದೊಳಗೆ ಮೇಲ್ಮನವಿ. ಕೈ ಕೊಡುವುದು ಇಲ್ಲೇ: ಯಾರೂ ‘ತಿರಸ್ಕರಿಸಿದೆ’ ಎಂದು ಬರೆಯುವುದಿಲ್ಲ, ‘ಸರ್ವರ್ ಇಲ್ಲ’, ‘ಡಾಕ್ಟರ್ ಲೆಟರ್ ತನ್ನಿ’, ‘ಸೋಮವಾರ ಬನ್ನಿ’ ಎಂದು ಬಾಯಲ್ಲಿ ಹೇಳಿ ಕಳಿಸುತ್ತಾರೆ. ಬಾಯಿಮಾತಿನ ‘ಆಗಲ್ಲ’ಕ್ಕೆ ಅಪೀಲಿಲ್ಲ. ಅಂಥ ದಿನ ಅಲ್ಲೇ ಬಿಳಿ ಹಾಳೆಯಲ್ಲಿ ‘ಇಂಥ ದಿನ ಬಂದಿದ್ದೆ, ವೈದ್ಯಕೀಯ ಪತ್ರ ಕೇಳಿದರು, ನಿಯಮದಲ್ಲಿ ಅದಿಲ್ಲ, ದಯವಿಟ್ಟು ಲಿಖಿತ ಉತ್ತರ ಕೊಡಿ’ ಎಂದು ಬರೆದು ಟಪಾಲು ವಿಭಾಗದಲ್ಲಿ ಕೊಟ್ಟು, ನಕಲಿನ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಎಷ್ಟೋ ಕಡತಗಳು ಆ ಮೊಹರು ಬಿದ್ದ ಮೇಲೆ ಮುಂದೆ ಸರಿಯುತ್ತವೆ. ಸರಿಯದಿದ್ದರೆ ಹೈಕೋರ್ಟಿನಲ್ಲಿ ರಿಟ್ ಹಾಕಲು ಆ ಹಾಳೆಯೇ ಸಾಕ್ಷ್ಯ. ಹೈಕೋರ್ಟಿಗೂ ಉಚಿತ ನೆರವಿನ ಸಮಿತಿ ಇದೆ.

ಪ್ರಮಾಣಪತ್ರ ಬಂದ ಮೇಲೆ ಎಲ್ಲರೂ ಮೊದಲು ಓಡುವುದು ಆಧಾರ್ ಕೇಂದ್ರಕ್ಕೆ. ಅಲ್ಲೊಂದು ಗುಂಡಿ ಇದೆ. ಆಧಾರ್‌ನಲ್ಲಿ ಹೆಸರನ್ನು ಎರಡು ಸಲ ಬದಲಿಸಬಹುದು, ಲಿಂಗವನ್ನು ಒಂದೇ ಸಲ. ಈಗ ‘ಟ್ರಾನ್ಸ್‌ಜೆಂಡರ್’ ಎಂದು ಮಾಡಿಸಿ, ಎರಡು ವರ್ಷ ಬಿಟ್ಟು 7ನೇ ಕಲಂ ಪ್ರಕಾರ ‘ಹೆಣ್ಣು’ ಮಾಡಿಸಲು ಹೋದರೆ ಕೇಂದ್ರದಲ್ಲಿ ಆಗುವುದಿಲ್ಲ, ಪ್ರಾದೇಶಿಕ ಕಚೇರಿಗೆ ವಿಶೇಷ ಕೋರಿಕೆ ಹಾಕಿ ಕಾಯಬೇಕು. ಮುಂದೆ ಆ ಯೋಚನೆ ಇದ್ದರೆ ಮೊದಲೇ ತೀರ್ಮಾನಿಸಿ. ಹಳೆಯ ಆಧಾರ್‌ನ ಬಣ್ಣದ ನಕಲು ತೆಗೆದಿಟ್ಟೇ ತಿದ್ದಿಸಿ, ಜಮೀನಿನ ಕೇಸಿಗೆ ಬೇಕಾಗುತ್ತದೆ. ಉಳಿದ ದಾಖಲೆಗಳನ್ನು, ಅಂದರೆ ಪಡಿತರ ಚೀಟಿ, ಪಾನ್, ಮತದಾರರ ಚೀಟಿ, ಜಾತಿ ಪ್ರಮಾಣಪತ್ರ, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ ಇವನ್ನು ಆಯಾ ಕಚೇರಿ 15 ದಿನದಲ್ಲಿ ತಿದ್ದಿಕೊಡಬೇಕು ಎಂದು ನಿಯಮ ಹೇಳುತ್ತದೆ. ಜನನ ಪ್ರಮಾಣಪತ್ರಕ್ಕೆ ತಕರಾರು ತೆಗೆದರೆ, 2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಹಿಂದಿನ ಮತ್ತು ಬದಲಾದ ಹೆಸರು, ಲಿಂಗ ಎರಡನ್ನೂ ನಮೂದಿಸಿ ಕೊಡಬೇಕೆಂದು ಆದೇಶಿಸಿದೆ ಎಂದು ತಿಳಿಸಿ. ಟ್ರಾನ್ಸ್‌ಜೆಂಡರ್ ಜನರಿಗಿರುವ ರಾಜ್ಯದ ಮೈತ್ರಿ ಪಿಂಚಣಿಗೂ, ರಾಜ್ಯ ಸರ್ಕಾರಿ ನೇಮಕಾತಿಯಲ್ಲಿ 2021ರಿಂದ ಇರುವ ಶೇ 1ರ ಮೀಸಲಾತಿಗೂ ಈ ಪ್ರಮಾಣಪತ್ರ ಕೈಯಲ್ಲಿದ್ದರೆ ಅನುಕೂಲ.

ಪೆಟ್ಟಿ ಕೇಸ್. ದಂಡ ಕಟ್ಟಿ ಅಂದೇ ಮನೆಗೆ ಬಂದಿರಿ, ತಪ್ಪೆನ್ನಲಾರೆ. ವಾದ ಮಾಡಿದರೆ ನಾಲ್ಕಾರು ತಾರೀಖು ಅಲೆಯಬೇಕು, ಅಷ್ಟು ದಿನದ ದುಡಿಮೆ ಹೋಗುತ್ತದೆ. ಆದರೆ ‘ತಪ್ಪಾಯ್ತು’ ಎಂದಾಗ ದಾಖಲಾಗುವುದು ಶಿಕ್ಷೆ, ಆಮೇಲೆ ಅಪೀಲಿನ ದಾರಿ ಬಹುಮಟ್ಟಿಗೆ ಮುಚ್ಚುತ್ತದೆ. ಅದಕ್ಕೇ ಯಾವ ಕಾಯ್ದೆಯಲ್ಲಿ ಹಾಕಿದರು ಎಂಬುದು ಮುಖ್ಯ. ಪೊಲೀಸ್ ಕಾಯ್ದೆಯ ಸಣ್ಣ ದಂಡ ಒಂದು ರೀತಿ. ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ, 1975 ಎಂದಿದ್ದರೆ ಬೇರೆ ಮಾತು, ಅದರಲ್ಲಿ ಪರಿಹಾರ ಕೇಂದ್ರದಲ್ಲಿ ಇಡುವ ಆದೇಶವೇ ಬರಬಹುದು. ಮುಂದಿನ ಸಲ ಹಿಡಿದರೆ ಸಹಿ ಹಾಕುವ ಮೊದಲು ಕಲಂ ಕೇಳಿ, ಠಾಣೆಯಿಂದಲೇ 15100ಕ್ಕೆ ಕರೆ ಮಾಡಿಸಿ. ಬಂಧನದ ಕಾರಣ ಹೇಳುವುದು, ನೀವು ಹೇಳಿದವರಿಗೆ ಸುದ್ದಿ ಮುಟ್ಟಿಸುವುದು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸುವುದು ಅವರ ಕರ್ತವ್ಯ. ಸುದ್ದಿ ಮುಟ್ಟಬೇಕಾದವರು ಅಣ್ಣಂದಿರೇ ಆಗಬೇಕಿಲ್ಲ, ಗುರುಗಳ ನಂಬರ್ ಕೊಡಿ. ಬಂಧನದಲ್ಲಿರುವವರು ಉಚಿತ ವಕೀಲರನ್ನು ಪಡೆಯಲು ಜಾತಿ, ಆದಾಯ ಯಾವುದೂ ಅಡ್ಡಿಯಲ್ಲ.

ನಿಮ್ಮ ಮೇಲೇ ಯಾರಾದರೂ ಕೈ ಮಾಡಿದಾಗ ದೂರು ಬರೆಯುವ ರೀತಿಯೂ ಗೊತ್ತಿರಲಿ. 2019ರ ಕಾಯ್ದೆಯ 18ನೇ ಕಲಂ ದೌರ್ಜನ್ಯಕ್ಕೆ ಕೊಡುವ ಶಿಕ್ಷೆ ಆರು ತಿಂಗಳಿಂದ ಎರಡು ವರ್ಷ. ಶಿಕ್ಷೆ ಮೂರು ವರ್ಷಕ್ಕಿಂತ ಕಡಿಮೆಯಾದ್ದರಿಂದ ಅದು ಅಸಂಜ್ಞೇಯ. ಅಂದರೆ ಪೊಲೀಸರು ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ತನಿಖೆ ಮಾಡುವಂತಿಲ್ಲ, ಒಂದು ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಚೀಟಿ ಕೊಟ್ಟು ಕಳಿಸುತ್ತಾರೆ. ಇದೇ ಅಪರಾಧ ಹೆಣ್ಣಿನ ಮೇಲಾದಾಗ ಇರುವ ಶಿಕ್ಷೆಗೆ ಹೋಲಿಸಿದರೆ ಇದು ನಾಚಿಕೆಗೇಡು, ಆದರೆ 2025ರ ಕೊನೆಗಿದ್ದ ಕಾನೂನು ಹಾಗಿತ್ತು. ಆದ್ದರಿಂದ ಕಲಂ ಬರೆಯುವ ಗೋಜಿಗೆ ಹೋಗದೆ ನಡೆದದ್ದನ್ನು ಬಿಡಿಬಿಡಿಯಾಗಿ ಬರೆಯಿರಿ: ಯಾವುದರಿಂದ ಹೊಡೆದರು, ಎಲ್ಲಿ ಗಾಯ, ಎಷ್ಟು ದುಡ್ಡು ಕಿತ್ತುಕೊಂಡರು, ಏನೆಂದು ಬೆದರಿಸಿದರು. ಸುಲಿಗೆ, ಆಯುಧದಿಂದ ಗಾಯ ಎಂಬ ಅಂಶಗಳಿದ್ದರೆ ಭಾರತೀಯ ನ್ಯಾಯ ಸಂಹಿತೆಯ ಸಂಜ್ಞೇಯ ಕಲಂಗಳು ತಾವಾಗಿ ಬರುತ್ತವೆ, ಎಫ್‌ಐಆರ್ ಮಾಡಲೇಬೇಕು. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಅಂಚೆಯಲ್ಲಿ ಎಸ್‌ಪಿ ಅಥವಾ ಡಿಸಿಪಿಗೆ, ಆಮೇಲೆ ಮ್ಯಾಜಿಸ್ಟ್ರೇಟರಿಗೆ. ಸರ್ಕಾರಿ ಆಸ್ಪತ್ರೆಗೆ ಅದೇ ದಿನ ಹೋಗಿ ಗಾಯ ದಾಖಲಿಸಿ, ಮರುದಿನ ಹೋದರೆ ಗಾಯದ ವಯಸ್ಸಿನ ಬಗ್ಗೆ ತಗಾದೆ ಏಳುತ್ತದೆ.

ನಿಮ್ಮ ಮನೆಯಲ್ಲಿ ಇನ್ನೂ ಹಲವರು ಕಾರ್ಡಿಗೆ ಅಲೆಯುತ್ತಿದ್ದರೆ ಒಬ್ಬೊಬ್ಬರೇ ಜಗಳಾಡಬೇಡಿ. ಜಿಲ್ಲಾಧಿಕಾರಿ ಕಚೇರಿಗೆ ಒಂದು ಮಾಹಿತಿ ಹಕ್ಕು ಅರ್ಜಿ ಹಾಕಿ: ಈ ವರ್ಷ ಎಷ್ಟು ಅರ್ಜಿ ಬಂದವು, 30 ದಿನ ಮೀರಿದವು ಎಷ್ಟು, ಕಾರಣವೇನು. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿದ್ದರೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಬಂದ ಅಂಕಿಗಳನ್ನು ಹಿಡಿದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಮನವಿ ಕೊಟ್ಟರೆ, ನೋಟರಿ, ಆಧಾರ್ ಆಪರೇಟರ್, ಜಿಲ್ಲಾಡಳಿತದ ಸಿಬ್ಬಂದಿ ಮೂವರನ್ನೂ ಒಂದೇ ಕಡೆ ಕೂರಿಸಿ ಶಿಬಿರ ಮಾಡಿಸಬಹುದು. ಓದು ಬಲ್ಲವರೊಬ್ಬರು ಪ್ಯಾರಾ ಲೀಗಲ್ ಸ್ವಯಂಸೇವಕರಾಗಲು ಅರ್ಜಿ ಹಾಕಲಿ. ಆ ಕಚೇರಿಯ ಮೇಜಿನ ಆಚೆ ಬದಿಯಲ್ಲಿ ನಿಮ್ಮವರೊಬ್ಬರು ಕೂತರೆ ‘ಕಾರ್ಡ್ ತಗೊಂಡು ಬನ್ನಿ’ ಎಂಬ ಮಾತು ತಾನಾಗಿ ಕಡಿಮೆಯಾಗುತ್ತದೆ.

ಈ ವಾರದ ಕೆಲಸ ಇಷ್ಟು: ತಹಶೀಲ್ದಾರರಿಗೆ ಆಕ್ಷೇಪಣೆ ಅಂಚೆಗೆ ಹಾಕಿ, ರಸೀದಿ ಜೋಪಾನ ಮಾಡಿ. ಆ ರಸೀದಿ, ಆಧಾರ್, ಜಾತಿ ಪ್ರಮಾಣಪತ್ರ, ಪೆಟ್ಟಿ ಕೇಸಿನ ದಂಡದ ಚೀಟಿ ಹಿಡಿದು ಪ್ರಾಧಿಕಾರಕ್ಕೆ ಹೋಗಿ. ಅಣ್ಣಂದಿರು ಫೋನ್ ಮಾಡಿದರೆ ‘ವಕೀಲರನ್ನು ಕೇಳಿ ಹೇಳ್ತೀನಿ’ ಎನ್ನಿ, ಬೇರೇನೂ ಮಾತಾಡಬೇಡಿ.